ಎಂಟು ಗಂಟೆಗೆ ಸರಿಯಾಗಿ ಹೊರಟ ದೋಣಿ

ನಮ್ಮ ಟೈಂಕೀಪರರಿಗೆ ಸೈಕಲ್ ಹೊಡೆಯಲು ಕೂಡ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವರಾಗಿ ಯಾರಿಗೂ ಹೇಳುವವರಲ್ಲ. ಬಸ್ ಡಿಪೋದ ಬಾಗಿಲಲ್ಲಿರುವ ಗೂಡಿನಂಥ ಕೋಣೆಯಲ್ಲಿ ಒಂದು ಗೋಡೆ ಗಡಿಯಾರ, ಒಂದು ದಪ್ಪ ರಿಜಿಸ್ಟರು, ಕೊರಳಲ್ಲೊಂದು ಸೀಟಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷ ಬಸ್ಸು ಹೊರಡಿಸಿದ್ದರು. ಹೊತ್ತಿಗೆ ಸರಿಯಾಗಿ ಸೀಟಿ ಊದುವುದು, ಬಸ್ಸು ಹೊರಡುವುದು, ರಿಜಿಸ್ಟರಿನಲ್ಲಿ ಗೀಟು ಎಳೆಯುವುದು. ಆ ಬಸ್ಸು ಆಮೇಲೆ ಹೇಗೆ ಓಡುತ್ತದೆ, ಹೇಗೆ ನಿಲ್ಲುತ್ತದೆ ಎಂಬುದು ಅವರ ಇಲಾಖೆಗೆ ಬರುತ್ತಿರಲಿಲ್ಲ.

ಹೀಗಿರುವಾಗ ನದಿಯ ಮೇಲೆ ಮೂರು ದಿನ ಸುತ್ತಾಡಲು ಮೋಟಾರು ದೋಣಿ ಗೊತ್ತುಮಾಡಲು ಹೋದರು. ದೋಣಿ ನಿಲ್ದಾಣದ ಗುಮಾಸ್ತ ಫಾರಂ ತುಂಬುತ್ತಾ, "ಓಡಿಸೋಕೆ ಜನ ಬೇಕಾ, ಇಲ್ಲಾ ನೀವೇ ಓಡಿಸ್ತೀರಾ?" ಎಂದು ಕೇಳಿದ. ಪಕ್ಕದಲ್ಲಿ ಹೆಂಡತಿ ನಿಂತಿದ್ದಳು. ಗಂಡಸಾದವನು ಹೆಂಡತಿಯ ಎದುರಿಗೆ ಕೆಲವು ಪ್ರಶ್ನೆಗಳಿಗೆ ನಿಜ ಹೇಳುವುದು ಕಷ್ಟ.

"ಇಪ್ಪತ್ತೆರಡು ವರ್ಷದಲ್ಲಿ ಲಕ್ಷಗಟ್ಟಲೆ ಬಸ್ ಹೊರಡಿಸಿದೀನಿ. ಒಂದು ದೋಣಿ ಏನ್ ಮಹಾ?" ಎಂದರು ಟೈಂಕೀಪರರು.

ಗುಮಾಸ್ತ ತಲೆಯಾಡಿಸಿ 'ಸ್ವಂತ ಚಾಲನೆ' ಎಂದು ಬರೆದುಕೊಂಡ. ಸಂಜೆಯೊಳಗೆ ಪಕ್ಕದ ಮನೆಯ ಕನ್ನಡಕದಂಗಡಿಯವರಿಗೆ ಸುದ್ದಿ ಮುಟ್ಟಿತು. ಅವರಿಗೆ ಮುಟ್ಟಿದ ಸುದ್ದಿ ಬೀದಿಗೆಲ್ಲ ಮುಟ್ಟಿದಂತೆಯೇ. ಬೆಳಗ್ಗೆ ಹಾಲಿನವನೂ "ಏನ್ ಕ್ಯಾಪ್ಟನ್ ಸಾಹೇಬ್ರೇ" ಎಂದ. ಕನ್ನಡಕದಂಗಡಿಯವರಂತೂ ದುರ್ಬೀನು ಹಿಡಿದುಕೊಂಡು ಮನೆಗೇ ಬಂದರು.

"ನೀವು ಇಷ್ಟು ವರ್ಷ ಬಾಯಿ ಬಿಡ್ಲೇ ಇಲ್ವಲ್ಲ ಸಾರ್. ನದೀಲಿ ಒಡ್ಡು ಇದೆಯಲ್ಲ, ಅಲ್ಲಿ ನೀರು ಎರಡಾಳು ಕೆಳಕ್ಕೆ ಧುಮುಕುತ್ತೆ. ಅದಕ್ಕೆ ಮೊದಲೇ ಎಡಕ್ಕೆ ಕಾಲುವೆಗೆ ತಿರುಗಿಸ್ಬೇಕಂತೆ. ಕಳೆದ ವರ್ಷ ಒಬ್ರು ತಿರುಗಿಸಲಿಲ್ಲ."

"ಆಮೇಲೆ?" ಎಂದರು ಟೈಂಕೀಪರರು.

"ಆಮೇಲೆ ಏನು. ಅವರ ಕನ್ನಡಕ ನನ್ನ ಹತ್ರನೇ ಮಾಡಿಸಿದ್ದು. ಅದು ಸಿಕ್ತು."

ಟೈಂಕೀಪರರು ಮುಖದಲ್ಲಿ ಏನೂ ತೋರಿಸದೆ ದುರ್ಬೀನು ತೆಗೆದುಕೊಂಡು ಥ್ಯಾಂಕ್ಸ್ ಹೇಳಿದರು.

ಇಷ್ಟೆಲ್ಲ ಸಾಹಸಕ್ಕೆ ಕೈಹಾಕಿದ್ದು ಮೋಜಿಗಲ್ಲ. ಅದರ ಹಿಂದೆ ಅವರ ಅತ್ತೆಯವರು ಇದ್ದರು. ಹನ್ನೊಂದು ವರ್ಷದ ಹಿಂದೆ ಅತ್ತೆಯವರು ತಂಗಿಯ ಮಗಳ ಮದುವೆಗೆಂದು ಆರೂಕಾಲಿನ ಬಸ್ಸು ಹಿಡಿಯಲು ಬಂದಿದ್ದರು. ಬಸ್ಸಿಗೂ ಅವರಿಗೂ ಇಪ್ಪತ್ತು ಹೆಜ್ಜೆ ದೂರ. ಸೊಂಟದ ಮೇಲೆ ಟ್ರಂಕು, ಮೇಲೆತ್ತಿದ ಕೈ, "ಅಳಿಯಂದ್ರೇ, ಒಂದು ನಿಮಿಷ" ಎಂಬ ಕೂಗು. ಅಳಿಯಂದಿರು ನೋಡಿದರು. ಗಡಿಯಾರವನ್ನೂ ನೋಡಿದರು. ಆರೂಕಾಲು. ಸೀಟಿ ಊದಿದರು. ಅತ್ತೆಯವರು ಮದುವೆಮನೆ ಮುಟ್ಟಿದಾಗ ಅಲ್ಲಿಯವರು ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದರಂತೆ. ಮರುದಿನ ಅಳಿಯ ಕ್ಷಮೆ ಕೇಳಲು ಹೋಗಿ, "ಟೈಂ ಅಂದ್ರೆ ಟೈಂ ಅಲ್ವಾ ಅತ್ತೆ" ಎಂದುಬಿಟ್ಟರು. ಅಂದಿನಿಂದ ಅತ್ತೆಯವರು ಅಳಿಯನೊಡನೆ ನೇರವಾಗಿ ಒಂದು ಮಾತೂ ಆಡಿಲ್ಲ. ಮೂರು ವರ್ಷದಿಂದ ಅದೇ ಮನೆಯಲ್ಲಿದ್ದರೂ ಏನು ಹೇಳುವುದಿದ್ದರೂ ಹತ್ತು ವರ್ಷದ ಮೊಮ್ಮಗಳ ಮೂಲಕ. "ನಿಮ್ಮಪ್ಪನಿಗೆ ಹೇಳು, ಅಂಗಿ ಗುಂಡಿ ಕಿತ್ತಿದೆ ಅಂತ." ಅಪ್ಪ ಎದುರಿಗೇ ಕೂತಿದ್ದರೂ ಮಗು ಹೇಳಬೇಕು. ಅಪ್ಪ ಉತ್ತರವನ್ನೂ ಮಗುವಿಗೇ ಕೊಡಬೇಕು.

ದೋಣಿ ಗೊತ್ತುಮಾಡುವ ಮುಂಚೆ ಒಂದು ದಿನ ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಂಡು, "ಅಮ್ಮ ಮುಂದಿನ ವಾರ ಅಣ್ಣನ ಮನೆಗೆ ಹೋಗ್ತಾಳಂತೆ. ಪೂರ್ತಿಯಾಗಿ. ಮಾತಿಲ್ಲದ ಮನೇಲಿ ಎಷ್ಟು ದಿನ ಇರ್ಲಿ ಅಂತಾಳೆ," ಎಂದು ಕಣ್ಣೊರೆಸಿಕೊಂಡಿದ್ದಳು. ಅತ್ತೆಯವರು ಚಿಕ್ಕಂದಿನಲ್ಲಿ ತಂದೆಯ ಜೊತೆ ದೋಣಿಯಲ್ಲಿ ಹೋಗಿದ್ದ ಕಥೆಯನ್ನು ಮೊಮ್ಮಗಳಿಗೆ ಹೇಳುವುದು ಗೋಡೆಯಾಚೆಯಿಂದ ಟೈಂಕೀಪರರ ಕಿವಿಗೆ ಬಿದ್ದಿತ್ತು. ಹಾಗಾಗಿ ದೋಣಿ. ಮೂರು ದಿನ ನೀರಿನ ಮೇಲೆ ಎದುರುಬದುರು ಕೂತರೆ ಒಂದಾದರೂ ಮಾತು ಬಾರದಿರುತ್ತದೆಯೇ ಎಂಬುದು ಅವರ ಲೆಕ್ಕ. ಆ ಒಂದು ಮಾತು ಅವರಿಗೆ ನಿಜವಾಗಿ ಬೇಕಿತ್ತು.

ಹೊರಡುವ ದಿನ ಟೈಂಕೀಪರರು ಮಾರ್ಗಪಟ್ಟಿಯನ್ನೇ ಬರೆದು ತಂದಿದ್ದರು. ಎಂಟಕ್ಕೆ ಹೊರಡುವುದು. ಎಂಟೂ ನಲವತ್ತಕ್ಕೆ ಒಡ್ಡಿನ ಮೊದಲು ಎಡಕ್ಕೆ ತಿರುಗುವುದು. ಒಂಬತ್ತೂವರೆಗೆ ತಿಂಡಿ. ಏಳೂ ನಲವತ್ತಕ್ಕೆ ನಾಲ್ಕು ಜನ, ಆರು ಚೀಲ, ಒಂದು ಟ್ರಂಕು, ಒಂದು ಸುರುಳಿ ಹಾಸಿಗೆ ಸಮೇತ ನಿಲ್ದಾಣದಲ್ಲಿದ್ದರು. ಗುಮಾಸ್ತ ಆಕಳಿಸುತ್ತಾ ಕೀಲಿ ಕೊಟ್ಟ.

"ಏಳನೇ ಕಂಬಕ್ಕೆ ಕಟ್ಟಿದೆ ನಿಮ್ಮ ದೋಣಿ. ಕೀಲಿ ತಿರುಗಿಸಿ ಹಸಿರು ಗುಂಡಿ ಒತ್ತಿದ್ರೆ ಶುರುವಾಗುತ್ತೆ. ಸಾಮಾನು ಇಡ್ತಾ ಇರಿ, ನಾನು ಜೀವರಕ್ಷಕ ಜಾಕೆಟ್ ಹುಡುಕಿ ತರ್ತೀನಿ. ಆಮೇಲೆ ನಿಲ್ಸೋದು ಹೇಗೆ, ಹಿಂದಕ್ಕೆ ತಗೊಳ್ಳೋದು ಹೇಗೆ, ಎಲ್ಲಾ ತೋರಿಸಿಕೊಡ್ತೀನಿ."

ಒಟ್ಟು ಹನ್ನೆರಡು ಕಂಬ. ಸಾಮಾನ್ಯ ಮನುಷ್ಯನಾದರೆ ಗೇಟಿನಿಂದ ಒಂದು, ಎರಡು ಎಂದು ಎಣಿಸಿ ಏಳಕ್ಕೆ ನಿಲ್ಲುತ್ತಿದ್ದ. ಆದರೆ ಡಿಪೋದಲ್ಲಿ ಎಣಿಕೆ ಹೊರಹೋಗುವ ದಾರಿಯ ಕಡೆಯಿಂದ. ಮೊದಲು ಹೊರಡುವ ಬಸ್ಸು ನಿಲ್ಲುವ ಜಾಗವೇ ಒಂದು. ಟೈಂಕೀಪರರು ನದಿ ಹರಿದುಹೋಗುವ ದಿಕ್ಕನ್ನು ಗಂಭೀರವಾಗಿ ನೋಡಿ, ಆ ತುದಿಗೆ ನಡೆದುಹೋಗಿ, ಅಲ್ಲಿಂದ ಹಿಂದಕ್ಕೆ ಏಳು ಎಣಿಸಿದರು. ಗೇಟಿನಿಂದ ಎಣಿಸಿದವರಿಗೆ ಅದು ಆರನೇ ಕಂಬ. ಅಲ್ಲಿದ್ದ ದೋಣಿ ಹಿಂದಿನ ವಾರ ತಳ ಬಿರುಕುಬಿಟ್ಟು ರಿಪೇರಿಗೆಂದು ಬಂದದ್ದು. ಬಿರುಕಿಗೆ ಹಳೇ ಬಟ್ಟೆ ತುರುಕಿ ಮೇಲೆ ಟಾರು ಬಳಿದು ಒಣಗಲು ಬಿಟ್ಟಿದ್ದರು. ಗಿರಾಕಿಗಳು ಕೀಲಿ ಕಳೆಯುತ್ತಾರೆಂದು ನಿಲ್ದಾಣದವರು ಎಲ್ಲ ದೋಣಿಗೂ ಒಂದೇ ಥರದ ಕೀಲಿ ಮಾಡಿಸಿಟ್ಟಿದ್ದರು. ಹಾಗಾಗಿ ಕೀಲಿಯೂ ಸಲೀಸಾಗಿ ತಿರುಗಿತು.

"ರೀ, ಹಾಸಿಗೆ ಎರಡಿರುತ್ತೆ, ಒಲೆ ಇರುತ್ತೆ ಅಂದಿದ್ರಲ್ಲ," ಎಂದಳು ಹೆಂಡತಿ, ಬೋಳು ಕೋಣೆಯೊಳಗೆ ಇಣುಕಿ. "ಇಲ್ಲಿ ಟಾರಿನ ವಾಸನೆ ಬಿಟ್ರೆ ಏನೂ ಇಲ್ಲ."

"ನಮಗೋಸ್ಕರ ಹೊಸದಾಗಿ ಬಳಿದಿದ್ದಾರೆ ಕಣೇ. ಹಾಸಿಗೆ ಎಲ್ಲೋ ಮಡಚಿಟ್ಟಿರ್ತಾರೆ. ಹತ್ತು ಬೇಗ, ಏಳೂ ಐವತ್ತಾರು."

ಅತ್ತೆಯವರು ಒಳಗೆ ಹೋಗಿ ತಮ್ಮ ಟ್ರಂಕಿನ ಮೇಲೆ ಕೂತರು. ಮಗು ಮುಂಭಾಗಕ್ಕೆ ಓಡಿ ದುರ್ಬೀನು ಏರಿಸಿತು. ಹೆಂಡತಿ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು.

"ಗುಮಾಸ್ತರು ಬರ್ಲಿ ರೀ. ಜಾಕೆಟ್ ತರ್ತೀನಿ ಅಂದಿದಾರಲ್ಲ."

ಟೈಂಕೀಪರರು ಕೈಗಡಿಯಾರ ನೋಡಿದರು. ಸೆಕೆಂಡಿನ ಮುಳ್ಳು ಹನ್ನೊಂದು ದಾಟಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ ಮನುಷ್ಯನನ್ನು ಕೇಳಿ ಕೆಲಸ ಮಾಡುವುದಿಲ್ಲ. ಮುಳ್ಳು ಹನ್ನೆರಡಕ್ಕೆ ಬಂತು, ಸೀಟಿ ಬಾಯಿಗೆ ಬಂತು, ಹೆಬ್ಬೆರಳು ಹಸಿರು ಗುಂಡಿಯ ಮೇಲೆ ಬಿತ್ತು. ದೋಣಿ ಒಮ್ಮೆ ಮೈ ನಡುಗಿಸಿ ನದಿಗೆ ಹಾರಿತು.

ಗುಮಾಸ್ತ ನಾಲ್ಕು ಜಾಕೆಟ್ ಹೊತ್ತು ಹೊರಗೆ ಬಂದಾಗ ಏಳನೇ ಕಂಬದ ದೋಣಿ ಎರಡು ಹಾಸಿಗೆ, ಒಂದು ಒಲೆ ಸಮೇತ ಅಲ್ಲೇ ಇತ್ತು. ಆರನೇ ಕಂಬ ಖಾಲಿ. ದಡದುದ್ದಕ್ಕೂ ಓಡಿದ. "ತೂತು! ತೂತು!" ಎಂದು ಕೂಗಿದ. ಎಂಜಿನ್ನಿನ ಗದ್ದಲದಲ್ಲಿ ಟೈಂಕೀಪರರಿಗೆ ಅವನ ಬಾಯಿ ಕಾಣಿಸಿತೇ ಹೊರತು ಮಾತು ಕೇಳಿಸಲಿಲ್ಲ.

"ನೋಡು, ಬೀಳ್ಕೊಡೋಕೆ ಎಷ್ಟು ದೂರ ಬಂದಿದಾನೆ ಪಾಪ. ಒಳ್ಳೇ ಮನುಷ್ಯ," ಎಂದು ಹೆಂಡತಿಗೆ ಕೂಗಿ ಹೇಳಿ ಅವನಿಗೆ ಕೈಬೀಸಿದರು.

ಮೊದಲ ಹತ್ತು ನಿಮಿಷ ದೋಣಿ ನೆಟ್ಟಗೆ ಹೋಯಿತು. ನದಿಯೇ ನೆಟ್ಟಗಿತ್ತು, ಅದರಲ್ಲಿ ಚಾಲಕರ ಪಾತ್ರವೇನೂ ಇರಲಿಲ್ಲ. ಅಷ್ಟರಲ್ಲಿ ಕೋಣೆಯೊಳಗಿಂದ ಅತ್ತೆಯವರ ದನಿ ಕೇಳಿಸಿತು.

"ಮಗೂ, ನಿಮ್ಮಪ್ಪನಿಗೆ ಹೇಳು, ನೆಲ ಒದ್ದೆಯಾಗಿದೆ ಅಂತ."

ಮಗು ಬಂದು ಹೇಳಿತು. "ಅಜ್ಜಿಗೆ ಹೇಳು, ನದಿ ಅಂದ್ಮೇಲೆ ಸ್ವಲ್ಪ ಒದ್ದೆ ಇರುತ್ತೆ ಅಂತ," ಎಂದರು ಅಪ್ಪ. ಮಗು ಹೋಗಿ ಹೇಳಿತು. ಎರಡು ನಿಮಿಷಕ್ಕೆ ಮತ್ತೆ ಬಂತು.

"ಅಪ್ಪಾ, ಅಜ್ಜಿ ಚಪ್ಪಲಿ ತೇಲ್ತಾ ಇದೆಯಂತೆ."

"ಎತ್ತಿಡೋಕೆ ಹೇಳು. ಚಪ್ಪಲಿ ಒದ್ದೆಯಾದ್ರೆ ಕಾಲು ಕಚ್ಚುತ್ತೆ."

ಹೆಂಡತಿ ಮಗುವನ್ನು ಮುಂಭಾಗಕ್ಕೆ ಎಳೆದುಕೊಂಡಳು. "ಸಾಕು ನಿನ್ನ ಓಡಾಟ, ಬಿದ್ಗಿದ್ದೀಯ. ಇಲ್ಲೇ ಕಂಬಿ ಹಿಡ್ಕೊಂಡು ಕೂತ್ಕೋ." ಹೀಗೆ ಆ ಮನೆಯ ಏಕೈಕ ಟಪಾಲು ವ್ಯವಸ್ಥೆ ಕೆಟ್ಟುನಿಂತಿತು.

ದಡದಲ್ಲಿ ಗುಮಾಸ್ತ ಸುಮ್ಮನೆ ನಿಂತಿರಲಿಲ್ಲ. ನದಿಯ ಪಕ್ಕದಲ್ಲೇ ರಸ್ತೆ. ಡಿಪೋದಿಂದ ಎಂಟಕ್ಕೆ ಹೊರಟ ಬಸ್ಸು ಬಂತು. ಅವನು ಜಾಕೆಟ್ಟುಗಳ ಸಮೇತ ನಡುರಸ್ತೆಯಲ್ಲಿ ನಿಂತು ಬಸ್ಸು ತಡೆದ. ಬಸ್ಸಿನ ಚಾಲಕ ಡಿಪೋದಲ್ಲೆಲ್ಲ ಮೀಸೆ ಡ್ರೈವರ್ ಎಂದೇ ಹೆಸರಾದವನು. ವಿಷಯ ಕೇಳಿದೊಡನೆ, "ಅಯ್ಯೋ, ನಮ್ಮ ಟೈಂಕೀಪರ್ ಸಾಹೇಬ್ರು!" ಎಂದು ಅವನನ್ನು ಹತ್ತಿಸಿಕೊಂಡು ಗೇರು ಹಾಕಿದ. ನಲವತ್ತು ಜನ ಪ್ರಯಾಣಿಕರು ತಮ್ಮ ಊರು, ಕೆಲಸ ಎಲ್ಲ ಮರೆತು ಎಡಗಡೆಯ ಕಿಟಕಿಗಳಿಗೆ ಒತ್ತರಿಸಿಕೊಂಡರು. ನದಿ ರಸ್ತೆಗೆ ತೀರಾ ಹತ್ತಿರ ಬರುವ ತಿರುವಿನಲ್ಲಿ ಬಸ್ಸು ದೋಣಿಗಿಂತ ಮುಂದೆ ಹೋಗಿ ನಿಂತಿತು. ಎಲ್ಲರೂ ಒಟ್ಟಿಗೆ ಕೂಗತೊಡಗಿದರು. ಒಬ್ಬಾಕೆ ಕೊಡೆ ಬಿಚ್ಚಿ ತಲೆಕೆಳಗೆ ಮಾಡಿ ಮುಳುಗುವ ದೋಣಿಯನ್ನು ಅಭಿನಯಿಸಿ ತೋರಿಸಿದಳು.

ಟೈಂಕೀಪರರು ನೋಡಿದರು. ಅವರಿಗೆ ಕೊಡೆ ಕಾಣಲಿಲ್ಲ, ಜನ ಕಾಣಲಿಲ್ಲ. ನಿಲ್ದಾಣವಲ್ಲದ ಜಾಗದಲ್ಲಿ ನಿಂತಿರುವ ಬಸ್ಸು ಕಂಡಿತು. ಗಡಿಯಾರ ನೋಡಿಕೊಂಡರು. ಎಂಟೂ ಹತ್ತೊಂಬತ್ತು. ಈ ಬಸ್ಸು ಇಷ್ಟು ಹೊತ್ತಿಗೆ ಸೇತುವೆ ದಾಟಿರಬೇಕು.

"ನಾನು ರಜಾ ಹಾಕಿದ ಮೊದಲನೇ ದಿನಾನೇ ಡಿಪೋ ಈ ಗತಿಗೆ ಬಂತಾ?" ಎಂದು ಹಲ್ಲು ಕಡಿದು, ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದರಲ್ಲಿ ಜೇಬಿನ ಪುಸ್ತಕ ತೆಗೆದು 'ಅನಧಿಕೃತ ನಿಲುಗಡೆ' ಎಂದು ಬರೆದರು.

"ರೀ, ಅವ್ರು ಆ ದೋಣಿ ಗುಮಾಸ್ತರಲ್ವಾ? ಏನೋ ಹೇಳ್ತಿದಾರೆ ರೀ," ಎಂದು ಹೆಂಡತಿ ಎದ್ದು ನಿಂತಳು.

"ಏನ್ ಹೇಳ್ತಾರೆ? ಬಸ್ ಲೇಟು ಅಂತ ಪ್ರಯಾಣಿಕರು ದೂರು ಹೇಳ್ತಿದಾರೆ. ಈಗ ನೋಡು."

ಎದೆ ತುಂಬ ಗಾಳಿ ಎಳೆದುಕೊಂಡು ಸೀಟಿ ಊದಿದರು. ಇಪ್ಪತ್ತೆರಡು ವರ್ಷದಲ್ಲಿ ಅಂಥ ಸೀಟಿ ಅವರು ಊದಿರಲಿಲ್ಲ. ಮೀಸೆ ಡ್ರೈವರ್ ಹತ್ತೊಂಬತ್ತು ವರ್ಷ ಆ ಸೀಟಿ ಕೇಳಿ ಬಸ್ಸು ಬಿಟ್ಟವನು. ಅವನ ಕಿವಿಗೆ ಅದು ಬಿತ್ತು, ಕಿವಿಯಿಂದ ಸೀದಾ ಕಾಲಿಗೆ ಹೋಯಿತು. ನಡುವೆ ತಲೆಯನ್ನು ಯಾರೂ ಕೇಳಲಿಲ್ಲ. ಬಸ್ಸು ಹೊರಟೇಬಿಟ್ಟಿತು. ಮೆಟ್ಟಿಲಲ್ಲಿ ನಿಂತಿದ್ದ ಗುಮಾಸ್ತ ಒಂದು ಜಾಕೆಟ್ಟನ್ನು ದೋಣಿಯ ಕಡೆ ಎಸೆದ. ಅದು ಹತ್ತು ಮಾರು ಆಚೆ ಬಿದ್ದು ತನ್ನ ಪಾಡಿಗೆ ತಾನು ತೇಲಿಕೊಂಡು ಹೋಯಿತು. ನಲವತ್ತು ಬಾಯಿಗಳು ಕಿಟಕಿಯಲ್ಲಿ ತೆರೆದುಕೊಂಡೇ ಮರೆಯಾದವು.

"ಶಿಸ್ತು ಅಂದ್ರೆ ಹೀಗಿರ್ಬೇಕು," ಎಂದರು ಟೈಂಕೀಪರರು.

ಆ ಮಾತು ಮುಗಿಯುವಷ್ಟರಲ್ಲಿ ಮುಂದೆ ಎಲ್ಲೋ ಒಂದು ಸದ್ದು ಕೇಳಿಸಿತು. ನೀರು ಎತ್ತರದಿಂದ ಬೀಳುವ ಸದ್ದು. ಮಾರ್ಗಪಟ್ಟಿಯ ಪ್ರಕಾರ ಒಡ್ಡು ಎಂಟೂ ನಲವತ್ತಕ್ಕೆ ಬರಬೇಕು. ಈಗಿನ್ನೂ ಎಂಟೂ ಇಪ್ಪತ್ತನಾಲ್ಕು. ಒಡ್ಡು ಮೊದಲೇ ಬರುತ್ತಿದೆ ಎಂದರೆ ದೋಣಿ ಬೇಗ ಹೋಗುತ್ತಿದೆ. ಬೇಗ ಹೋಗುವ ದೋಣಿಯನ್ನು ನಿಧಾನ ಮಾಡುವುದು ಹೇಗೆ? ಅವರ ಎದುರಿಗೆ ಒಂದು ಹಸಿರು ಗುಂಡಿ, ಎರಡು ಹಿಡಿಗಳು, ಮುಳ್ಳು ಓಡಾಡುವ ಒಂದು ಡಬ್ಬಿ ಇದ್ದವು. ಯಾವುದರ ಮೇಲೂ ಏನೂ ಬರೆದಿರಲಿಲ್ಲ. ಎಡಕ್ಕೆ ಕಾಲುವೆಯ ಬಾಯಿ ಕಂಡಿತು, ಕಂಡಷ್ಟೇ ಬೇಗ ಹಿಂದಕ್ಕೂ ಹೋಯಿತು.

"ರೀ, ಅಲ್ಲಿ ತಿರುಗಿಸ್ಬೇಕಿತ್ತಲ್ವಾ?"

"ಮುಂದೆ ಇನ್ನೊಂದಿರುತ್ತೆ," ಎಂದರು. ಮುಂದೆ ಇನ್ನೊಂದು ಇರಲಿಲ್ಲ.

ಕೋಣೆಯಲ್ಲಿ ಅತ್ತೆಯವರು ಟ್ರಂಕಿನ ಮೇಲೆ ಎದ್ದುನಿಂತಿದ್ದರು. ಟಾರು ಬಳಿದಿದ್ದ ಜಾಗದಲ್ಲಿ ನೀರು ನಲ್ಲಿಯಂತೆ ಚಿಮ್ಮುತ್ತಿತ್ತು. ಅವರು ಕೂತಲ್ಲಿಂದಲೇ ಸುರುಳಿ ಹಾಸಿಗೆ ತಳ್ಳಿ ತೂತಿನ ಬಾಯಿ ಮುಚ್ಚಲು ನೋಡಿದ್ದರು. ಹಾಸಿಗೆಯೂ ತೇಲಿತು. "ಮಗೂ," ಎಂದು ಕರೆದರು. ಮಗುವಿಗೆ ಕೇಳಿಸಲಿಲ್ಲ. ಮಗಳನ್ನು ಕರೆದರು. ಅವಳಿಗೂ ಕೇಳಿಸಲಿಲ್ಲ. ನೀರಿಗಿಳಿದು, ಮೊಣಕಾಲುದ್ದ ನೀರಿನಲ್ಲಿ ತಡವರಿಸಿಕೊಂಡು, ಅಳಿಯನ ಬೆನ್ನ ಹಿಂದಿನ ಅರ್ಧ ಬಾಗಿಲಿಗೆ ಬಂದು ನಿಂತರು. ಮುಂದೆ ಒಡ್ಡಿನ ಸದ್ದು. ಕೆಳಗೆ ನೀರು. ಎದುರಿಗೆ ಒಂದು ಬೆನ್ನು. ಬಾಯಿ ತೆರೆದರು, ಮುಚ್ಚಿದರು. ಹನ್ನೊಂದು ವರ್ಷದ ಹಟ ಸಣ್ಣದಲ್ಲ, ಆದರೆ ಮುಂಭಾಗದಲ್ಲಿ ಕಂಬಿ ಹಿಡಿದು ಕೂತ ಮೊಮ್ಮಗಳ ಜಡೆ ಅವರಿಗೆ ಕಾಣುತ್ತಿತ್ತು.

"ಅಳಿಯಂದ್ರೇ."

ಟೈಂಕೀಪರರು ಸ್ಟಿಯರಿಂಗ್ ಬಿಟ್ಟು ಪೂರ್ತಿ ತಿರುಗಿಬಿಟ್ಟರು. ನದಿ, ಒಡ್ಡು, ಕಾಲುವೆ ಎಲ್ಲ ಮರೆತುಹೋಯಿತು. ಮುಖ ಅರಳಿತು.

"ಹೇಳಿ ಅತ್ತೆ."

"ದೋಣಿ ಮುಳುಗ್ತಾ ಇದೆ. ನಿಲ್ಸಿ."

ಅವರು ಕೆಳಗೆ ನೋಡಿದರು. ಆಗ ಮಾತ್ರ ತಮ್ಮ ಬೂಟಿನೊಳಗೂ ನೀರಿರುವುದು ಅರಿವಿಗೆ ಬಂತು. ಬೀದಿಗೆ, ಹೆಂಡತಿಗೆ, ಗುಮಾಸ್ತನಿಗೆ ಹೇಳಿದ ಸುಳ್ಳನ್ನು ಹನ್ನೊಂದು ವರ್ಷದ ನಂತರ ಮಾತಾಡಿದ ಅತ್ತೆಗೆ ಹೇಳಲು ಅವರಿಂದಾಗಲಿಲ್ಲ.

"ನಂಗೆ ನಿಲ್ಸೋಕೆ ಬರಲ್ಲ ಅತ್ತೆ."

"ಏನಂದ್ರಿ?"

"ಹೊರಡಿಸೋಕೆ ಮಾತ್ರ ಬರೋದು."

ಅತ್ತೆಯವರು ಅಳಿಯನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ಸ್ಟಿಯರಿಂಗ್ ಹಿಡಿದರು.

"ನಿಲ್ಸೋಕೆ ಬರದಿದ್ರೆ ಗುದ್ಸಿ. ಹಿಡೀರಿ ಆ ಕಡೆ. ದಡಕ್ಕೆ ತಿರುಗ್ಸಿ. ಬಲಕ್ಕಲ್ಲ, ನಿಮ್ಮ ಎಡಕ್ಕೆ! ಊಟ ಮಾಡದ ಕೈ!"

ಅತ್ತೆ ಒಂದು ಕಡೆ, ಅಳಿಯ ಒಂದು ಕಡೆ ನೇತುಬಿದ್ದು ತಿರುಗಿಸಿದರು. ದೋಣಿ ಅರ್ಧ ತಿರುಗಿತು. ಒಡ್ಡಿನ ಅಂಚಿನ ಬಿಳಿ ನೊರೆ ಪಕ್ಕದ ಕಿಟಕಿಯಲ್ಲಿ ಕಾಣಿಸಿತು. ಹೆಂಡತಿ ಮಗುವನ್ನು ಅವುಚಿಕೊಂಡು ಕಣ್ಣು ಮುಚ್ಚಿದಳು. ದೋಣಿ ಇನ್ನೂ ಸ್ವಲ್ಪ ತಿರುಗಿ, ಜೊಂಡು ಬೆಳೆದ ಕೆಸರಿನ ದಡಕ್ಕೆ ನುಗ್ಗಿ, ಮೂಗು ಹೂತು, ನಿಂತಿತು. ಆರೂ ಚೀಲ ಎಲ್ಲರ ಮೇಲೆ ಬಿದ್ದವು. ಎಂಜಿನ್ನು ನಾಲ್ಕು ಸಲ ಕೆಮ್ಮಿ ತಾನೇ ತಾನಾಗಿ ಆರಿತು. ಅದಕ್ಕೂ ನೀರು ಕುಡಿದು ಸಾಕಾಗಿತ್ತು.

ಯಾರಿಗೂ ಏನೂ ಆಗಿರಲಿಲ್ಲ. ಹೆಂಡತಿ ಎಣಿಸಿ ನೋಡಿದಳು, ನಾಲ್ಕೂ ಜನ ಇದ್ದರು. ಮಗು ದುರ್ಬೀನನ್ನು ಬಿಟ್ಟಿರಲಿಲ್ಲ. ಟೈಂಕೀಪರರು ತೊಡೆಮಟ್ಟ ನೀರಿನಲ್ಲಿ ಎದ್ದುನಿಂತು, ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಅಂಗಿ ಜಾಡಿಸಿಕೊಂಡು, "ಎಂಟೂ ಇಪ್ಪತ್ತೊಂಬತ್ತು," ಎಂದರು. ಬೇರೇನು ಹೇಳಬೇಕೋ ತೋಚಲಿಲ್ಲ.

ಆಗ ಅತ್ತೆಯವರು ಶುರುಮಾಡಿದರು.

"ಅಲ್ರೀ ಅಳಿಯಂದ್ರೇ, ಓಡಿಸೋಕೆ ಬರಲ್ಲ ಅಂತ ಬಾಯಲ್ಲಿ ಹೇಳೋಕೇನಾಗಿತ್ತು? ಮಗು ಬಂದು ಚಪ್ಪಲಿ ತೇಲ್ತಿದೆ ಅಂದ್ರೆ ಎತ್ತಿಡಿ ಅಂತೀರಲ್ಲ, ತಲೇಲಿ ಏನಿದೆ ನಿಮಗೆ, ಬರೀ ಮುಳ್ಳಾ? ಅವತ್ತೂ ಹಾಗೇ. ಇಪ್ಪತ್ತು ಹೆಜ್ಜೆ. ಆ ಟ್ರಂಕಲ್ಲಿ ಹುಡುಗಿಗೆ ಅಂತ ನಾನೇ ಹೆಣೆದಿದ್ದ ಶಾಲು ಇತ್ತು. ನೀವು ನನ್ನ ನೋಡಿದ್ರಿ. ನೋಡಿಲ್ಲ ಅನ್ನಬೇಡಿ, ನೋಡಿದ್ರಿ."

"ನೋಡಿದ್ದೆ ಅತ್ತೆ," ಎಂದರು ಟೈಂಕೀಪರರು. "ತಪ್ಪಾಯ್ತು. ಅವತ್ತೇ ಗೊತ್ತಿತ್ತು ತಪ್ಪು ಅಂತ."

ಈ ಮಾತು ಅತ್ತೆಯವರ ಲೆಕ್ಕದಲ್ಲಿ ಇರಲಿಲ್ಲ. ಆದರೆ ಕಟ್ಟೆಯೊಡೆದ ನೀರು ಹಾಗೆಲ್ಲ ನಿಲ್ಲುವಂಥದ್ದಲ್ಲ.

"ಅದನ್ನ ಅವತ್ತೇ ಹೇಳೋಕೇನು ರೋಗ? ಟೈಂ ಅಂದ್ರೆ ಟೈಂ ಅಂತೆ. ಮನೆಗೆ ಬಂದು ಮೂರು ವರ್ಷ ಆಯ್ತು, ಬೆಳಗ್ಗೆ ಐದಕ್ಕೆ ಕಿಟಕಿ ಧಡಾರ್ ಅಂತ ತೆಗೀತೀರ, ಪಕ್ಕದ ಕೋಣೇಲಿ ವಯಸ್ಸಾದವಳು ಮಲಗಿದಾಳೆ ಅಂತ ಯೋಚನೆ ಇಲ್ಲ. ಗೊರಕೆ ಬೇರೆ. ಮುಂದಿನ ವಾರ ಮಗನ ಮನೆಗೆ ಹೋಗಿ ನೆಮ್ಮದಿಯಾಗಿರೋಣ ಅಂತಿದ್ದೆ. ಈಗ ಹೇಗೆ ಹೋಗ್ಲಿ? ನನ್ನ ಮಗಳನ್ನ, ಆ ಮಗೂನ ನಿಮ್ಮಂಥವರ ಕೈಲಿ ಬಿಟ್ಟು ಹೇಗೆ ಹೋಗ್ಲಿ ನಾನು? ಸಾಯೋವರ್ಗೂ ಇಲ್ಲೇ ಬಿದ್ದಿರ್ಬೇಕು, ನಿಮ್ಮನ್ನ ಕಾಯ್ಕೊಂಡು."

ಮುಂಭಾಗದಲ್ಲಿ ಚೀಲ ಎತ್ತಿಕೊಂಡು ಇಳಿಯಲು ಹೊರಟಿದ್ದ ಹೆಂಡತಿ ಈ ಮಾತು ಕೇಳಿ ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಾತಾಡಬೇಡ ಎಂದು ಸನ್ನೆ ಮಾಡಿದಳು.

ಅಷ್ಟು ಹೊತ್ತಿಗೆ ಬಸ್ಸು ಸೇತುವೆ ದಾಟಿ ಈ ದಡಕ್ಕೆ ತಿರುಗಿಸಿಕೊಂಡು ಬಂದಿತ್ತು. ಗುಮಾಸ್ತ ಮೂರು ಜಾಕೆಟ್ ಎತ್ತಿಕೊಂಡು ಜೊಂಡಿನೊಳಗೆ ಬಿದ್ದು ಎದ್ದು ಬಂದ. ಅವನ ಹಿಂದೆ ಮೀಸೆ ಡ್ರೈವರ್, ಅವನ ಹಿಂದೆ ನಲವತ್ತು ಪ್ರಯಾಣಿಕರು.

"ಸಾರ್, ಬೇಗ ಇಳೀರಿ! ದೋಣಿ ಇನ್ನೂ ಜಾರುತ್ತೆ. ಹಗ್ಗ ಎಸೀತೀನಿ, ಹಿಡ್ಕೊಳ್ಳಿ!"

ಟೈಂಕೀಪರರು ತಿರುಗಿಯೂ ನೋಡಲಿಲ್ಲ. ಅಂಗೈ ಮೇಲೆತ್ತಿ ಅವರನ್ನೆಲ್ಲ ತಡೆದರು.

"ಸ್ವಲ್ಪ ಇರ್ರಿ," ಎಂದರು. "ನಮ್ಮತ್ತೆ ಇನ್ನೂ ಮುಗಿಸಿಲ್ಲ."

ಅತ್ತೆಯವರು ಉಸಿರೆಳೆದುಕೊಂಡು, ಅಳಿಯಂದಿರು ಚಹಾ ಹೀರುವಾಗ ಮಾಡುವ ಸದ್ದಿನ ವಿಷಯಕ್ಕೆ ಬಂದರು.